ಮಧ್ಯಾಹ್ನ ಎರಡಕ್ಕೆ ರೂಮಿಗೆ ಬರೋಕಾಗುತ್ತಾ?

ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಎರಡು ದಿನ ಹೋಗಿಬರೋಣ ಅಂದ ತಕ್ಷಣ ಮನೆಯವರೆಲ್ಲರ ಕೈಗೆ ಫೋನು ಬರುತ್ತದೆ. ಸ್ಟಾರ್ ಎಷ್ಟು, ರೇಟಿಂಗ್ ಎಷ್ಟು, ಈಜುಕೊಳ ಇದೆಯಾ, ತಿಂಡಿ ಫ್ರೀನಾ? ಇಬ್ಬರೇ ಹೋಗುವಾಗ ಇಷ್ಟು ಸಾಕು. ಹತ್ತು ವರ್ಷದೊಳಗಿನ ಮಕ್ಕಳು ಜೊತೆಗಿದ್ದರೆ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆಯೇ ಇದೆ. ಊಟ ಮುಗಿಸಿ ಎರಡು ಗಂಟೆ ಹೊತ್ತಿಗೆ ರೂಮಿಗೆ ಬಂದು, ಮಕ್ಕಳನ್ನು ಮಲಗಿಸಿ, ನಾಲ್ಕೂವರೆಗೆ ಮತ್ತೆ ಹೊರಡೋಕಾಗುತ್ತಾ?

ಆಗುತ್ತದೆ ಅಂದರೆ ಒಂದೇ ದಿನಕ್ಕೆ ಎರಡು ಬೆಳಗು ಸಿಕ್ಕ ಹಾಗೆ. ಆಗುವುದಿಲ್ಲ ಅಂದರೆ ಸಂಜೆ ಐದಕ್ಕೆ ಅಳು, ಆರಕ್ಕೆ ಬೈಗುಳ, ಏಳಕ್ಕೆ ಅರಮನೆಯ ದೀಪ ಹೊತ್ತುವ ಹೊತ್ತಿಗೆ ಮಗು ಹೆಗಲ ಮೇಲೆ ನಿದ್ದೆ. ಮೈಸೂರಿನ ವೇಳಾಪಟ್ಟಿಯೇ ಹಾಗಿದೆ. ಮೃಗಾಲಯದ ಬಾಗಿಲು ತೆಗೆಯುವುದು ಬೆಳಿಗ್ಗೆ 8.30ಕ್ಕೆ. ಅರಮನೆ 10ಕ್ಕೆ ತೆರೆದು ಸಂಜೆ 5.30ಕ್ಕೆ ಮುಚ್ಚುತ್ತದೆ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಅರಮನೆಗೆ ದೀಪ ಹಾಕುವುದು ಸಂಜೆ ಏಳರ ಸುಮಾರಿಗೆ. ನೋಡಬೇಕಾದದ್ದೆಲ್ಲ ದಿನದ ಎರಡು ತುದಿಗಳಲ್ಲಿದೆ, ನಡುವೆ ಉದ್ದನೆಯ ಮಧ್ಯಾಹ್ನ. ಏಪ್ರಿಲ್‌ನಲ್ಲಿ ಆ ಮಧ್ಯಾಹ್ನ 34–35 ಡಿಗ್ರಿ ಮುಟ್ಟುತ್ತದೆ. ಅರಮನೆಯಲ್ಲಿ ಚಪ್ಪಲಿ ಬಿಟ್ಟು ನಡೆಯಬೇಕು. ಬಿಸಿಲೇರಿದ ಮೇಲೆ ಅಂಗಳದ ಕಲ್ಲು ಮಕ್ಕಳ ಅಂಗಾಲನ್ನು ಸುಡುತ್ತದೆ. ಬ್ಯಾಗಿನಲ್ಲಿ ಒಂದು ಜೊತೆ ಕಾಲುಚೀಲ ಇರಲಿ. ಇಂಥ ಮಧ್ಯಾಹ್ನದಲ್ಲಿ ಮಗು ಹಾಸಿಗೆಯ ಮೇಲಿರಬೇಕು. ಹಾಗಾಗಿ ಹೋಟೆಲ್ ಹುಡುಕುವ ಮೊದಲು ಭೂಪಟ ತೆರೆದು, ಅರಮನೆ ಮತ್ತು ಮೃಗಾಲಯದ ನಡುವೆ ಒಂದು ಗೆರೆ ಎಳೆಯಿರಿ. ಎರಡರ ನಡುವೆ ಇರುವುದು ಸುಮಾರು 2 ಕಿ.ಮೀ. ಅಷ್ಟೇ. ಆ ಗೆರೆಯಿಂದ ಆಟೋದಲ್ಲಿ ಹತ್ತು ನಿಮಿಷ ಮೀರಿದ ಹೋಟೆಲಿಗೆ ಎಷ್ಟೇ ಸ್ಟಾರ್ ಇದ್ದರೂ ಅದಕ್ಕೆ ತಕ್ಕ ಕಾರಣ ಬೇಕು.

ಈ ಗೆರೆಯ ಆಸುಪಾಸಿನಲ್ಲಿ ಮೂರು ಕಡೆ ಇಳಿದುಕೊಳ್ಳಬಹುದು, ಮೂರರ ಸ್ವಭಾವವೂ ಬೇರೆ. ಮೊದಲನೆಯದು ಹಳೇ ಊರಿನ ಹೊಟ್ಟೆ, ಅಂದರೆ ಗಾಂಧಿ ಚೌಕ, ಸಯ್ಯಾಜಿ ರಾವ್ ರಸ್ತೆ, ಧನ್ವಂತ್ರಿ ರಸ್ತೆ. ಅರಮನೆ, ದೇವರಾಜ ಮಾರುಕಟ್ಟೆ, ಚಿಕ್ಕ ಗಡಿಯಾರದ ಗೋಪುರ, ಸಿಟಿ ಬಸ್ ನಿಲ್ದಾಣ ಎಲ್ಲವೂ ನಡೆಯುವಷ್ಟು ದೂರದಲ್ಲಿವೆ. ಹಳೆಯ ಲಾಡ್ಜುಗಳು ಇಲ್ಲಿಯೇ ಹೆಚ್ಚು. ಕೆಲವು ಈಗಲೂ 24 ಗಂಟೆ ಚೆಕ್‌ಔಟ್ ಪದ್ಧತಿ ಇಟ್ಟುಕೊಂಡಿವೆ: ಬೆಳಿಗ್ಗೆ ಎಂಟಕ್ಕೆ ಬಂದರೆ ಮರುದಿನ ಎಂಟರವರೆಗೂ ರೂಮು ನಿಮ್ಮದೇ. ರಾತ್ರಿ ರೈಲಿನಲ್ಲಿ ಬರುವವರಿಗೆ ಇದು ವರ. ಮಧ್ಯಾಹ್ನ ಹನ್ನೆರಡಕ್ಕೋ ಎರಡಕ್ಕೋ ಚೆಕ್‌ಇನ್ ಕೊಡುವ ಹೊಸ ಹೋಟೆಲಿನ ಲಾಬಿಯಲ್ಲಿ ಹಲ್ಲುಜ್ಜದ ಮಕ್ಕಳನ್ನು ನಾಲ್ಕು ಗಂಟೆ ಕೂರಿಸಿ ನೋಡಿ, ಈ ಪದ್ಧತಿಯ ಬೆಲೆ ಗೊತ್ತಾಗುತ್ತದೆ. ಹಳೇ ಊರಿನ ದೋಷಗಳೂ ಹಳೆಯವೇ. ಕಾರು ನಿಲ್ಲಿಸಲು ಜಾಗ ಇರುವುದಿಲ್ಲ, ಲಿಫ್ಟ್ ಇಲ್ಲದ ಮೂರು ಮಹಡಿ, ಬೆಳಿಗ್ಗೆ ಐದಕ್ಕೇ ಶುರುವಾಗುವ ಹಾರ್ನು. ಕಾರು ತಂದವರು 'ಪಾರ್ಕಿಂಗ್ ಇದೆಯಾ' ಅಂತ ಕೇಳಿದರೆ ಸಾಲದು. 'ಇನ್ನೋವಾ ಇಳಿಯುತ್ತಾ, ರಾತ್ರಿ ಹತ್ತರ ಮೇಲೆ ಬಂದರೂ ಜಾಗ ಇರುತ್ತಾ' ಅಂತ ಕೇಳಬೇಕು.

ಎರಡನೆಯದು ರೈಲು ನಿಲ್ದಾಣದ ಕಡೆಯ ಝಾನ್ಸಿ ಲಕ್ಷ್ಮೀಬಾಯಿ ರಸ್ತೆ. ಸರ್ಕಾರಿ ಪ್ರವಾಸೋದ್ಯಮ ನಿಗಮದ ಮಯೂರ ಹೊಯ್ಸಳ ಈ ರಸ್ತೆಯಲ್ಲಿದೆ. ಮಹಾರಾಜರ ಕಾಲದ ಮೆಟ್ರೊಪೋಲ್ ಕಟ್ಟಡವೂ ಇಲ್ಲೇ. ಹಳೆಯ ಕಾಂಪೌಂಡುಗಳಲ್ಲಿ ಮಕ್ಕಳು ಓಡಲು ಒಂದಿಷ್ಟು ನೆಲ, ಒಂದು ಮರ ಸಿಗುತ್ತದೆ. ನಾಲ್ಕು ಗೋಡೆಯ ಹೊಸ ಹೋಟೆಲುಗಳಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗದ ಸೌಕರ್ಯ ಅದು. ರೈಲಿನಲ್ಲಿ ಬಂದವರು ಸಾಮಾನು ಹೊತ್ತು ದೂರ ಹೋಗಬೇಕಾಗಿಲ್ಲ, ಕೆ.ಆರ್.ಎಸ್. ರಸ್ತೆಯ ರೈಲ್ವೆ ಮ್ಯೂಸಿಯಂ ಸಹ ಹತ್ತಿರ. ಹಳಿಯ ಕಡೆಗೆ ಮುಖ ಮಾಡಿದ ರೂಮು ಕೊಟ್ಟರೆ ಮಾತ್ರ ಬದಲಾಯಿಸಿಕೊಳ್ಳಿ. ಮಗುವಿಗೆ ರೈಲಿನ ಹುಚ್ಚಿದ್ದರೆ ಅದನ್ನೇ ಕೇಳಿ ಪಡೆಯಿರಿ, ಅದು ಬೇರೆ ಮಾತು.

ಮೂರನೆಯದು ನಜರ್‌ಬಾದ್, ಮೃಗಾಲಯದ ಆಸುಪಾಸು, ಬೆಂಗಳೂರು–ನೀಲಗಿರಿ ರಸ್ತೆ. ಚಿಕ್ಕ ಮಕ್ಕಳಿದ್ದರೆ ನಮ್ಮ ಓಟು ಇದಕ್ಕೇ. ಮೃಗಾಲಯದೊಳಗಿನ ನಡಿಗೆ ಮೂರು ಕಿಲೋಮೀಟರಿಗೂ ಹೆಚ್ಚು. ಬಾಗಿಲು ತೆಗೆಯುವ ಹೊತ್ತಿಗೇ ಒಳಗೆ ಹೋದರೆ ಪ್ರಾಣಿಗಳೂ ಚುರುಕಾಗಿರುತ್ತವೆ, ಮಕ್ಕಳೂ ಚುರುಕಾಗಿರುತ್ತಾರೆ; ಹನ್ನೊಂದೂವರೆಯ ಮೇಲೆ ಎರಡೂ ನೆರಳು ಹುಡುಕಿ ಮಲಗುವ ಜಾತಿ. ಹೋಟೆಲ್ ಹತ್ತಿರವಿದ್ದರೆ ಆರಕ್ಕೆದ್ದು, ನಜರ್‌ಬಾದಿನ ಮೈಲಾರಿಯಲ್ಲಿ ಬೆಣ್ಣೆ ದೋಸೆ ತಿಂದು, ಎಂಟೂವರೆಗೆ ಟಿಕೆಟ್ ಕೌಂಟರಿನ ಮುಂದೆ ನಿಲ್ಲಬಹುದು. ಹನ್ನೆರಡಕ್ಕೆ ಹೊರಬಂದು, ಊಟ ಮಾಡಿ, ಒಂದೂವರೆಗೆ ಫ್ಯಾನಿನಡಿ ಇರಬಹುದು. ಸಂಜೆ ಪಕ್ಕದ ಕಾರಂಜಿ ಕೆರೆ. ಚಾಮುಂಡಿ ಬೆಟ್ಟದ ದಾರಿಯೂ ಈ ಕಡೆಯಿಂದಲೇ ಸಲೀಸು. ಬೆಟ್ಟವನ್ನು ಬೆಳಗಿಗೇ ಇಟ್ಟುಕೊಳ್ಳಿ. ಮಧ್ಯಾಹ್ನ ಎರಡರಿಂದ ಮೂರೂವರೆಯವರೆಗೆ ದೇವಸ್ಥಾನದ ಬಾಗಿಲು ಹಾಕಿರುತ್ತದೆ. ಒಂದು ಎಚ್ಚರ: ಮೃಗಾಲಯಕ್ಕೆ ಮಂಗಳವಾರ ವಾರದ ರಜೆ, ಕಾರಂಜಿ ಕೆರೆಗೂ ಅದೇ. ಸೋಮವಾರ ರಾತ್ರಿ ಮೃಗಾಲಯದ ಎದುರು ರೂಮು ಹಿಡಿದು, ಮಂಗಳವಾರ ಬೆಳಿಗ್ಗೆ ಮುಚ್ಚಿದ ಗೇಟಿನ ಮುಂದೆ ನಿಲ್ಲುವ ಕುಟುಂಬಗಳಿಗೆ ಬರ ಇಲ್ಲ.

ಇನ್ನು ಗೋಕುಲಂ, ಯಾದವಗಿರಿ, ಜಯಲಕ್ಷ್ಮೀಪುರಂ. ತಂಪಾದ ಬಡಾವಣೆಗಳು, ಮರಗಳ ನೆರಳು, ಒಳ್ಳೆಯ ಹೋಂಸ್ಟೇಗಳು. ಯೋಗ ಕಲಿಯಲು ಬಂದ ವಿದೇಶಿಯರು ತಿಂಗಳುಗಟ್ಟಲೆ ಉಳಿಯುವುದರಿಂದ ಗೋಕುಲಂನಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆಗಳು ಸುಲಭವಾಗಿ ಸಿಗುತ್ತವೆ. ಅಜ್ಜ–ಅಜ್ಜಿ ಸೇರಿ ಆರೇಳು ಜನ, ಮೂರು ರಾತ್ರಿಗಿಂತ ಹೆಚ್ಚು ಅಂದರೆ ಇದು ಚೆನ್ನ. ಮಗುವಿಗೆ ಗಂಜಿ, ಅಜ್ಜಿಗೆ ಮುದ್ದೆ–ಸಾರು, ಬೆಳಿಗ್ಗೆ ಆರಕ್ಕೆ ನಂದಿನಿ ಬೂತಿನ ಹಾಲು. ಆದರೆ 'ಕಿಚನ್ ಇದೆ' ಎಂಬ ಮಾತನ್ನು ನಂಬಿ ಹೋದವರಿಗೆ ಕುಕ್ಕರ್‌ಗೆ ಗ್ಯಾಸ್ಕೆಟ್ ಇಲ್ಲ, ಮಿಕ್ಸಿ ಇಲ್ಲ, ಸಿಲಿಂಡರ್ ಖಾಲಿ. ಫೋನಿನಲ್ಲಿ ಫೋಟೊ ತರಿಸಿಕೊಳ್ಳಿ. ಒಲೆಯದ್ದಲ್ಲ, ಪಾತ್ರೆ ಕಪಾಟಿನದ್ದು. ಎರಡು ರಾತ್ರಿಯ ಪ್ರವಾಸಕ್ಕೆ ಅಡುಗೆಮನೆ ಇರುವ ಮನೆ ಹಿಡಿದರೆ ಅಮ್ಮನಿಗೆ ರಜೆಯೇ ಸಿಗುವುದಿಲ್ಲ. ಇದನ್ನು ಮನೆಯ ಗಂಡಸರು ಮೊದಲೇ ಯೋಚಿಸಿದರೆ ಒಳ್ಳೆಯದು.

ಹೊರವರ್ತುಲ ರಸ್ತೆಯ ಹೋಟೆಲುಗಳು, ಊರಾಚೆಯ ರೆಸಾರ್ಟುಗಳು ನೋಡಲು ಚೆಂದ. ದಶಪಥ ಹೆದ್ದಾರಿಯಿಂದ ಇಳಿದ ತಕ್ಷಣ ಸಿಗುತ್ತವೆ, ಕಾರಿಗೆ ಬೇಕಾದಷ್ಟು ಜಾಗ, ಈಜುಕೊಳ. ಅಲ್ಲಿಂದ ಅರಮನೆಗೆ ಆರೇಳು ಕಿಲೋಮೀಟರ್. ಭೂಪಟದಲ್ಲಿ ಇದು ಇಪ್ಪತ್ತು ನಿಮಿಷ ಅನ್ನಿಸುತ್ತದೆ. ಶನಿವಾರ ಸಂಜೆ ಆರಕ್ಕೆ ಅದೇ ದಾರಿಯನ್ನು ಮತ್ತೆ ಹಾಕಿ ನೋಡಿ. ದೂರ ಹೆಚ್ಚಿದ್ದಷ್ಟೂ ಮಧ್ಯಾಹ್ನ ರೂಮಿಗೆ ಬರುವ ಯೋಚನೆ ತಾನಾಗಿ ಬಿಟ್ಟುಹೋಗುತ್ತದೆ. ಈಜುಕೊಳವೇ ಬೇಕೆಂದು ಮಕ್ಕಳು ಹಟ ಹಿಡಿದರೆ ಅದಕ್ಕೂ ಅರ್ಥವಿದೆ. ಐದು ವರ್ಷದ ಮಗುವಿಗೆ ದರ್ಬಾರ್ ಹಾಲಿನ ಕಂಬಗಳಿಗಿಂತ ನೀರು ದೊಡ್ಡದು. ಹಾಗಿದ್ದರೆ ಆ ಪ್ರವಾಸದ ಹೆಸರು ಈಜುಕೊಳ ಅಂತಲೇ ಇಟ್ಟುಕೊಂಡು, ದಿನಕ್ಕೆ ಒಂದೇ ಜಾಗ ನೋಡುವುದೆಂದು ಒಪ್ಪಿಕೊಳ್ಳಿ. ಕೇಳಬೇಕಾದದ್ದು ಕೊಳದ ಆಳ. ಅತಿ ಕಡಿಮೆ ಆಳವೇ ನಾಲ್ಕಡಿ ಇದ್ದರೆ ಏಳು ವರ್ಷದ ಮಗುವಿನ ನೆತ್ತಿಯ ಮಟ್ಟ ಅದು. ಮಕ್ಕಳಿಗೆ ಬೇರೆ ಕೊಳ ಇದೆಯೇ, ಯಾವ ಹೊತ್ತಿನಲ್ಲಿ ಬಿಡುತ್ತಾರೆ, ಹತ್ತಿ ಬಟ್ಟೆ ಹಾಕಿಕೊಂಡು ಇಳಿಯಬಹುದೇ? ಬಹುತೇಕ ಕಡೆ ನೈಲಾನ್ ಬಟ್ಟೆಯೇ ಬೇಕು. ಅಲ್ಲೇ ಕೊಳ್ಳಲು ಹೋದರೆ ದುಬಾರಿ.

ಬೃಂದಾವನದ ಕಾರಂಜಿ ನೋಡಬೇಕು ಅನ್ನುವವರಿಗೆ ಒಂದು ಮಾತು. ಅದು ಊರಿಂದ ಸುಮಾರು 20 ಕಿ.ಮೀ., ಪ್ರದರ್ಶನ ಕತ್ತಲಾದ ಮೇಲೆ, ಮುಗಿದ ತಕ್ಷಣ ಎಲ್ಲ ವಾಹನಗಳೂ ಒಂದೇ ದಾರಿಗೆ. ಐದರ ಒಳಗಿನ ಮಕ್ಕಳಿದ್ದರೆ ಬಿಟ್ಟುಬಿಡಿ.

ಈಗ ಯಾವ ರಾತ್ರಿ ಉಳಿಯಬೇಕು ಎಂಬ ಪ್ರಶ್ನೆ. ಎಲ್ಲಿ ಉಳಿಯಬೇಕು ಎಂಬುದಕ್ಕಿಂತ ಇದು ಚಿಕ್ಕದಲ್ಲ. ಬೆಂಗಳೂರಿನ ಕುಟುಂಬಗಳು ಶನಿವಾರ ಬಂದು, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ರೂಮು ಖಾಲಿ ಮಾಡಿ, ಸಾಮಾನೆಲ್ಲ ಡಿಕ್ಕಿಗೆ ತುಂಬಿ, ಬಿಸಿಲಲ್ಲಿ ಅಲೆದು, ಏಳಕ್ಕೆ ದೀಪ ನೋಡಿ, ರಾತ್ರಿ ಹನ್ನೊಂದಕ್ಕೆ ಮನೆ ಸೇರುತ್ತವೆ. ಬಹುಪಾಲು ಜನ ಮಾಡುವುದು ಇದನ್ನೇ, ಆದ್ದರಿಂದ ಶನಿವಾರದ ರೂಮಿಗೆ ಬೆಲೆ ಹೆಚ್ಚು. ಒಂದು ದಿನ ಶಾಲೆ ತಪ್ಪಿಸಲು ಮನಸ್ಸು ಒಪ್ಪಿದರೆ ಭಾನುವಾರ ಬಂದು ಭಾನುವಾರ ರಾತ್ರಿಯೇ ಉಳಿಯಿರಿ. ಮಧ್ಯಾಹ್ನ ನಿದ್ದೆ ಮಾಡಿದ ಮಕ್ಕಳೊಂದಿಗೆ ಸಂಜೆ ದೀಪ ನೋಡಿ, ನಡೆದು ರೂಮಿಗೆ ಹೋಗಿ, ಸೋಮವಾರ ಬೆಳಿಗ್ಗೆ ಜನಜಂಗುಳಿ ಇಲ್ಲದ ಮೃಗಾಲಯಕ್ಕೆ. ಇಲ್ಲಿ 'ನಡೆದು' ಎಂಬ ಪದ ಮುಖ್ಯ. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಆರುತ್ತವೆ, ಜನರೂ ಒಮ್ಮೆಗೇ ಹೊರಗೆ ಬರುತ್ತಾರೆ. ಆ ಅರ್ಧ ಗಂಟೆ ಖಾಲಿ ಆಟೋ ಸಿಗುವುದು ಕಷ್ಟ. ಆಟೋಗೆ ಮೂರೇ ಜನ ಎಂಬ ಲೆಕ್ಕವಿದೆ, ಐದು ಜನರ ಕುಟುಂಬಕ್ಕೆ ಎರಡು ಬೇಕು. ನಿದ್ದೆ ಹೋದ ಹದಿನೈದು ಕಿಲೋ ಮಗುವನ್ನು ಎತ್ತಿಕೊಂಡು ಒಬ್ಬರು ಒಂದು ಕಿಲೋಮೀಟರ್ ನಡೆಯಬಹುದು, ಎರಡು ಕಷ್ಟ. ತಳ್ಳುಗಾಡಿಯನ್ನು ನಂಬಬೇಡಿ. ಹಳೇ ಊರಿನ ಫುಟ್‌ಪಾತಿನಲ್ಲಿ ಅದನ್ನು ತಳ್ಳುವುದಕ್ಕಿಂತ ಹೊರುವುದೇ ಹೆಚ್ಚು. ಎದೆಗೆ ಕಟ್ಟಿಕೊಳ್ಳುವ ಜೋಳಿಗೆ ವಾಸಿ.

ಪಂಚಾಂಗವನ್ನೂ ಒಮ್ಮೆ ತೆರೆಯಿರಿ. ಮುಹೂರ್ತದ ದಿನಗಳಲ್ಲಿ ಕಲ್ಯಾಣ ಮಂಟಪಗಳ ಸುತ್ತಲಿನ ಹೋಟೆಲುಗಳು ಬೀಗರಿಗೆ ಸಗಟಾಗಿ ಹೋಗಿರುತ್ತವೆ. ಉಳಿದ ಒಂದೆರಡು ರೂಮು ಸಿಕ್ಕರೆ ಅದಕ್ಕೆ ಕಾರಣ ಬೆಳಗಿನ ಜಾವದ ನಾದಸ್ವರ ಕೇಳಿದಾಗ ತಿಳಿಯುತ್ತದೆ. ಆಷಾಢದಲ್ಲಿ ಮದುವೆ ಇಲ್ಲ, ರೂಮುಗಳೂ ಅಗ್ಗ, ಹವೆಯೂ ತಂಪು. ಆದರೆ ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಜನಸಾಗರ. ಸ್ವಂತ ವಾಹನ ಬಿಡದೆ ಲಲಿತಮಹಲ್ ಕಡೆಯ ಮೈದಾನದಿಂದ ಬಸ್ಸಿನಲ್ಲಿ ಕಳಿಸುತ್ತಾರೆ. ಶುಕ್ರವಾರ ಬಿಟ್ಟು ಬಂದರೆ ಮಕ್ಕಳ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಕಡಿಮೆ.

ದಸರಾ ಬಂದರೆ ಈವರೆಗೆ ಹೇಳಿದ್ದೆಲ್ಲ ತಿರುಗಿ ನಿಲ್ಲುತ್ತದೆ. ವಿಜಯದಶಮಿಯಂದು ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ಜಂಬೂ ಸವಾರಿ, ಅದರ ದಾರಿ ಸಯ್ಯಾಜಿ ರಾವ್ ರಸ್ತೆ. ಆ ರಸ್ತೆಯ ಅಕ್ಕಪಕ್ಕ ರೂಮಿದ್ದರೆ ಅಂದು ಕಾರು ಅಲ್ಲಾಡುವುದಿಲ್ಲ, ಮಗುವಿಗೆ ಜ್ವರ ಬಂದರೂ ಹೊರಗೆ ಹೋಗುವುದು ಹರಸಾಹಸ. ಆರರ ಒಳಗಿನ ಮಕ್ಕಳಿದ್ದರೆ ನವರಾತ್ರಿಯ ಮೊದಲ ದಿನಗಳಲ್ಲಿ ಬನ್ನಿ. ಸಂಜೆ ದೀಪಾಲಂಕಾರದ ರಸ್ತೆಗಳಲ್ಲಿ ಕಾರು ಆಮೆಯಂತೆ ಸಾಗುತ್ತದೆ, ಆದ್ದರಿಂದ ಆಗ ಕೂಡ ಅರಮನೆಗೆ ನಡೆದು ಹೋಗುವಷ್ಟು ದೂರದ ರೂಮೇ ಬೇಕು. ದೀಪಾಲಂಕಾರವನ್ನು ವಿಜಯದಶಮಿ ಕಳೆದ ಮೇಲೂ ಕೆಲವು ದಿನ ಮುಂದುವರಿಸುವುದುಂಟು. ಆಗ ಬಂದರೆ ದೀಪವೂ ಇದೆ, ರೂಮೂ ಇದೆ.

ರೂಮಿನ ಒಳಗಿನ ಲೆಕ್ಕಕ್ಕೆ ಬರೋಣ. ಹಾಸಿಗೆಯಿಂದ ಶುರು. ಹೋಟೆಲಿನವರು ಕಿಂಗ್ ಅನ್ನುವುದು ಸಾಮಾನ್ಯವಾಗಿ ಆರಡಿ ಅಗಲ, ಕ್ವೀನ್ ಅನ್ನುವುದು ಐದಡಿ. ದೊಡ್ಡವರಿಗೆ ತಲಾ ಎರಡಡಿ, ಮಗುವಿಗೆ ಒಂದೂವರೆ ಅಡಿ ಅಂದರೂ ಆರಡಿ ಮಂಚದಲ್ಲಿ ಒಂದೇ ಮಗು ಹಿಡಿಯುತ್ತದೆ. ಎರಡನೆಯ ಮಗುವಿಗೆ ನೆಲದ ಹಾಸಿಗೆ, ಸುಮಾರು ಮೂರಡಿಗೆ ಆರಡಿ. ಹತ್ತಕ್ಕೆ ಹದಿನೈದಡಿ ರೂಮಿನಲ್ಲಿ ಅದನ್ನು ಹಾಸಿದರೆ ಬಚ್ಚಲಿಗೆ ಹೋಗುವ ದಾರಿ ಮುಚ್ಚುತ್ತದೆ, ರಾತ್ರಿ ಎರಡಕ್ಕೆ ಎದ್ದವರು ಮಗುವಿನ ಕೈ ತುಳಿಯುತ್ತಾರೆ. ಹಾಸಿಗೆ ಎಷ್ಟು ದಪ್ಪ ಅಂತಲೂ ಕೇಳಿ. ಒಂದೂವರೆ ಇಂಚಿನ ಸ್ಪಂಜು ಆದರೆ ಮೇಲೆ ಹೊದಿಯುವ ರಗ್ಗು ಕೆಳಗೆ ಹೋಗುತ್ತದೆ. ಮಂಚವನ್ನು ಗೋಡೆಗೆ ತಳ್ಳಿದರೆ ಮಗು ಬೀಳುವ ಒಂದು ಕಡೆ ಮುಚ್ಚಿತು ಅಂದುಕೊಳ್ಳುತ್ತೀರಿ. ಈಗಿನ ಮಂಚಗಳು ಹಿಂಬದಿಯ ಹಲಗೆಗೆ ಬಿಗಿದು ಕೂತಿರುತ್ತವೆ, ಅಲುಗಾಡುವುದಿಲ್ಲ. ಕುರ್ಚಿಯ ಬೆನ್ನನ್ನು ಮಂಚಕ್ಕೆ ತಾಗಿಸಿಟ್ಟು, ಹಾಸಿಗೆಯ ಅಂಚಿನಲ್ಲಿ ಚಾದರದ ಕೆಳಗೆ ದಿಂಬು ತುರುಕುವುದೇ ಸರಿ.

ಬಿಸಿನೀರು ಎರಡನೆಯ ಜಗಳ. 'ಇಪ್ಪತ್ನಾಲ್ಕು ಗಂಟೆ ಬಿಸಿನೀರು' ಅನ್ನುವ ಕಡೆ ಗೀಸರ್ 15 ಲೀಟರಿನದ್ದಾದರೆ, ಅದು 60 ಡಿಗ್ರಿ ಕಾದು ತಣ್ಣೀರು ಬೆರೆತು ಸ್ನಾನದ ಹದಕ್ಕೆ ಬಂದಾಗ 35 ಲೀಟರ್, ಅಂದರೆ ಎರಡು ಬಕೆಟ್. ಮತ್ತೆ ಕಾಯಲು ಇಪ್ಪತ್ತು ನಿಮಿಷ. ನಾಲ್ಕು ಜನ ಮಿಂದು ಎಂಟೂವರೆಗೆ ಮೃಗಾಲಯದ ಮುಂದೆ ಇರಬೇಕಾದರೆ ಮೊದಲ ಸ್ನಾನ ಆರೂವರೆಗೇ. ಸೋಲಾರ್ ನೀರಾದರೆ ಬೆಳಿಗ್ಗೆ ಆರರಿಂದ ಒಂಬತ್ತು, ಆಮೇಲೆ ತಣ್ಣೀರು. ಜೊತೆಗೆ ನಲ್ಲಿಯಲ್ಲಿ ಒಮ್ಮೆಗೇ ಕುದಿನೀರು ಬಂದು ಮಗುವಿನ ಕೈ ಸುಡುವ ಅಪಾಯ. ಬಕೆಟ್ಟಿಗೆ ಮೊದಲು ತಣ್ಣೀರು ಬಿಡುವ ಅಭ್ಯಾಸ ಒಳ್ಳೆಯದು. ಬಚ್ಚಲ ಚಿಲಕ ಮಗುವಿಗೆ ಎಟುಕುವಂತಿದ್ದರೆ ಹೊರಗಿಂದ ತೆಗೆಯಲು ಬರುತ್ತದೆಯೇ ಅಂತ ಒಮ್ಮೆ ನೋಡಿ. ಬರದಿದ್ದರೆ ಬಾಗಿಲ ಸಂದಿನಲ್ಲಿ ಟವೆಲ್ ಮಡಚಿ ನೇತುಹಾಕಿ, ಬಾಗಿಲು ಪೂರ್ತಿ ಕೂರುವುದಿಲ್ಲ. ಬಾಲ್ಕನಿಯ ಕಂಬಿಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಜಾಗವಿದ್ದರೆ, ಅಥವಾ ಕಂಬಿಗಳು ಅಡ್ಡಡ್ಡ ಇದ್ದು ಏಣಿಯಂತಿದ್ದರೆ, ಆ ಬಾಗಿಲಿಗೆ ಮೇಲಿನ ಚಿಲಕ ಹಾಕಿ ಕುರ್ಚಿಗಳನ್ನು ಒಳಗೆ ತನ್ನಿ. ವಾದವೇ ಬೇಡ.

ದುಡ್ಡಿನ ವಿಷಯದಲ್ಲಿ ಬಹಳ ಜನ ಎಡವುವುದು ಎರಡು ಕಡೆ. ಒಂದು, ಆ್ಯಪಿನಲ್ಲಿ ಮಕ್ಕಳ ವಯಸ್ಸು ಹಾಕದೆ 'ಇಬ್ಬರು ದೊಡ್ಡವರು' ಅಂತ ಬುಕ್ ಮಾಡುವುದು. ಐದು ವರ್ಷದವರೆಗೆ ಉಚಿತ, ಹನ್ನೆರಡರವರೆಗೆ ಹಾಸಿಗೆ ದರ, ಮೇಲೆ ದೊಡ್ಡವರ ದರ ಎಂಬುದು ಸಾಮಾನ್ಯ ರೂಢಿ, ಆದರೆ ಪ್ರತಿ ಹೋಟೆಲಿಗೂ ಅದರದ್ದೇ ನಿಯಮ. ಕೌಂಟರಿನಲ್ಲಿ ನಿಂತು ವಾದಿಸುವುದಕ್ಕಿಂತ ಮೊದಲೇ ಫೋನು ಮಾಡಿ, ಒಪ್ಪಿದ ದರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಎರಡು, ತೆರಿಗೆ. ಒಂದು ರೂಮಿನ ದಿನದ ಬಾಡಿಗೆ 7,500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ಶೇ. 5 (2025ರ ಸೆಪ್ಟೆಂಬರ್‌ನಿಂದ), ದಾಟಿದರೆ ಶೇ. 18. ಲೆಕ್ಕ ರೂಮಿಗೆ ತಲಾ. 8,000ದ ಒಂದು ಫ್ಯಾಮಿಲಿ ಸೂಟ್‌ಗೆ 1,440 ರೂಪಾಯಿ ತೆರಿಗೆ; ತಲಾ 4,000ದ ಎರಡು ರೂಮಿಗೆ 400. ಎರಡು ರೂಮು ಹಿಡಿಯುವಾಗ 'ಅಕ್ಕಪಕ್ಕ' ಬೇಡ, 'ಒಳಬಾಗಿಲಿಂದ ಸೇರಿದ್ದು' ಬೇಕು ಅಂತ ಕೇಳಿ. ಅಕ್ಕಪಕ್ಕ ಅಂತ ಹೇಳಿ ಒಂದು ಎರಡನೇ ಮಹಡಿ, ಇನ್ನೊಂದು ಮೂರನೇ ಮಹಡಿ ಕೊಟ್ಟರೆ ಅಪ್ಪ ಒಂದು ಕಡೆ ಅಮ್ಮ ಒಂದು ಕಡೆ, ಮಕ್ಕಳನ್ನು ಹಂಚಿಕೊಳ್ಳಬೇಕು. ಅಮೆರಿಕದಿಂದಲೋ ಬೇರೆ ಕಡೆಯಿಂದಲೋ ರಜೆಗೆ ಬಂದ ಮೊಮ್ಮಕ್ಕಳು ಜೊತೆಗಿದ್ದರೆ ಅವರ ಪಾಸ್‌ಪೋರ್ಟ್, ಓಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳ) ಕಾರ್ಡ್ ಕೈಯಲ್ಲಿರಲಿ. ವಿದೇಶಿ ಪಾಸ್‌ಪೋರ್ಟಿನವರ ವಿವರವನ್ನು ಹೋಟೆಲಿನವರು 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸಬೇಕು. ಆ ಗೊಡವೆಯೇ ಬೇಡವೆಂದು ಸಣ್ಣ ಲಾಡ್ಜುಗಳು ರೂಮೇ ಇಲ್ಲ ಅನ್ನುವುದುಂಟು.

ತಿಂಡಿ ಸೇರಿದ ದರ ತೆಗೆದುಕೊಳ್ಳಬೇಕೇ? ಮೈಸೂರಿನಲ್ಲಿ ಬೇಡ. ಬೀದಿಗೊಂದು ಒಳ್ಳೆಯ ಇಡ್ಲಿ ಸಿಗುವ ಊರಿನಲ್ಲಿ, ಏಳೂವರೆಯ ಮೊದಲು ತೆರೆಯದ ಬಫೆಯ ಮುಂದೆ ಕಾಯುವುದು ದುಡ್ಡಿನ ನಷ್ಟಕ್ಕಿಂತ ಹೊತ್ತಿನ ನಷ್ಟ. ಎರಡು ವರ್ಷದೊಳಗಿನ ಮಗುವಿದ್ದರೆ ಮಾತ್ರ ರೂಮಿನಲ್ಲಿ ಕೆಟಲ್ ಇದೆಯೇ ಎಂಬುದು ಬಫೆಗಿಂತ ದೊಡ್ಡ ಪ್ರಶ್ನೆ.

ಬುಕ್ ಮಾಡುವ ಹಿಂದಿನ ದಿನ ಉಪಗ್ರಹ ಚಿತ್ರದಲ್ಲಿ ಹೋಟೆಲಿನ ಅಕ್ಕಪಕ್ಕ ಒಮ್ಮೆ ಕಣ್ಣಾಡಿಸಿ. ಉದ್ದನೆಯ ತಗಡಿನ ಚಾವಣಿ ಮತ್ತು ಮುಂದೆ ಬಯಲು ಇದ್ದರೆ ಅದು ಕಲ್ಯಾಣ ಮಂಟಪ ಇರಬಹುದು. ವಿಮರ್ಶೆಗಳನ್ನು ಹೊಸದರಿಂದ ಹಿಂದಕ್ಕೆ ಓದಿ. ಎರಡು ಸ್ಟಾರ್ ಕೊಟ್ಟ ಕುಟುಂಬದವರು ಬರೆದದ್ದೇ ಹೆಚ್ಚು ಉಪಯೋಗ. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆ, ಕೆಳಗೆ ಬಾರ್ ಇದೆ, ಜನರೇಟರ್ ಇದ್ದರೂ ಎ.ಸಿ. ಓಡುವುದಿಲ್ಲ ಎಂಬುದೆಲ್ಲ ಅವರಿಂದಲೇ ಗೊತ್ತಾಗುವುದು. ಆಮೇಲೆ ಹೋಟೆಲಿಗೆ ನೇರ ಫೋನು. ಹಿಂಬದಿಯ ರೂಮು, ಮೊದಲ ಅಥವಾ ಎರಡನೇ ಮಹಡಿ, ಲಿಫ್ಟಿನಿಂದ ದೂರ. ಕೊನೆಯದಾಗಿ, ರೂಮು ಖಾಲಿ ಮಾಡಿದ ಮೇಲೆ ಸಾಮಾನು ಇಡಲು ಜಾಗ, ಮತ್ತು ಹೊರಡುವ ಮೊದಲು ಮಕ್ಕಳ ಮುಖ ತೊಳೆಸಿ ಬಟ್ಟೆ ಬದಲಿಸಲು ಕೆಳಗೊಂದು ಬಚ್ಚಲು ಇದೆಯೇ ಅಂತ ಕೇಳಿ. ಇದಕ್ಕೆ 'ಬನ್ನಿ ಸಾರ್, ನೋಡಿಕೊಳ್ಳೋಣ' ಅಂದರೆ ಇನ್ನೊಂದು ಹೋಟೆಲಿಗೂ ಫೋನು ಮಾಡಿ. 'ಮೂರು ಗಂಟೆವರೆಗೂ ರೂಮಲ್ಲೇ ಇರಿ, ಅರ್ಧ ಬಾಡಿಗೆ ಕೊಡಿ' ಅಂದರೆ ಅಲ್ಲೇ ಮುಂಗಡ ಕಳಿಸಿ.